ಕಾಗದ ಯಾವ ಊರಿಗೆ ಹೋಯಿತು? ಉತ್ತರ ಕನ್ನಡದ ವಸಾಹತು ಮತ್ತು ರಾಜತಾಂತ್ರಿಕ ದಾಖಲೆ ಹುಡುಕುವ ಸಮಗ್ರ ಮಾರ್ಗದರ್ಶಿ

ಕಾರವಾರದ ಇಂಗ್ಲಿಷ್ ಕೋಠಿಯ (ವ್ಯಾಪಾರದ ಮನೆಯ) ಬಗ್ಗೆ ಬರೆಯಲು ಹೊರಟವರು ಮೊದಲು ವಿಚಾರಿಸುವುದು ಕಾರವಾರದ ಜಿಲ್ಲಾಧಿಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಸಹಜವೇ, ಊರು ಅದೇ ತಾನೇ. ಆದರೆ ಕೋಠಿ ಶುರುವಾದದ್ದು 1638ರಲ್ಲಿ, ಕಾರವಾರ ಜಿಲ್ಲಾಕೇಂದ್ರವಾದದ್ದು 1862ರ ಹೊತ್ತಿಗೆ. ನಡುವೆ ಇನ್ನೂರಕ್ಕೂ ಹೆಚ್ಚು ವರ್ಷ. ಕೋಠಿಯವರು ಬರೆದದ್ದು ಸೂರತ್ತಿಗೆ, ಅಲ್ಲಿಂದ ನಕಲು ಹೋದದ್ದು ಲಂಡನ್ನಿಗೆ. ಜಿಲ್ಲಾ ಕಚೇರಿಗೆ ಆ ಕಾಗದ ಬರುವ ದಾರಿಯೇ ಇರಲಿಲ್ಲ.

ದಾಖಲೆ ಅದು ಯಾವ ಊರಿನ ಬಗ್ಗೆ ಇದೆಯೋ ಆ ಊರಲ್ಲಿ ಉಳಿಯುವುದಿಲ್ಲ, ಯಾರಿಗೆ ಬರೆದರೋ ಅವರ ಮನೆಯಲ್ಲಿ ಉಳಿಯುತ್ತದೆ. ಈ ಜಿಲ್ಲೆಯ ಮಟ್ಟಿಗೆ ಅಂಥ ಮನೆಗಳು ಪಣಜಿ, ಮುಂಬೈ, ಚೆನ್ನೈ, ದೆಹಲಿ, ಪುಣೆ, ಲಿಸ್ಬನ್, ಹೇಗ್, ಲಂಡನ್. ಮೊದಲೇ ಲೆಕ್ಕ ಹಾಕದೆ ಬಸ್ಸು ಹತ್ತಿದರೆ ತಿಂಗಳುಗಟ್ಟಲೆ ಸಮಯ ಹೋಗುತ್ತದೆ.

ಹಂತ 1: ಆ ವರ್ಷ ಆ ಜಾಗ ಯಾರ ಕೈಯಲ್ಲಿತ್ತು?

ಒಂದು ಹಾಳೆಯಲ್ಲಿ ಎಡಕ್ಕೆ ವರ್ಷ, ನಡುವೆ ಆಳಿದವರು, ಬಲಕ್ಕೆ ಅವರು ಯಾರೊಂದಿಗೆ ಪತ್ರ ವ್ಯವಹಾರ ಮಾಡುತ್ತಿದ್ದರು ಎಂದು ಬರೆದುಕೊಳ್ಳಿ. ಇಡೀ ಜಿಲ್ಲೆಗೆ ಒಂದೇ ಪಟ್ಟಿ ಸಾಲದು. ಘಟ್ಟದ ಮೇಲಿನ ಶಿರಸಿ, ಸೋಂದಾ ಸೋದೆ ಅರಸರದು (ಸೋದೆ ಎಂದರೆ ಸೋಂದಾವೇ). ದಕ್ಷಿಣ ಕರಾವಳಿಯ ಹೊನ್ನಾವರ, ಭಟ್ಕಳದ ಕಡೆ ಗೇರುಸೊಪ್ಪೆಯ ನಂತರ ಕೆಳದಿ–ಇಕ್ಕೇರಿಯವರು ಬಂದರು. ಅಂಕೋಲಾ, ಕಾರವಾರದ ಕಡೆ 17ನೇ ಶತಮಾನದ ಬಹುಭಾಗ ಬಿಜಾಪುರದ ಅಧಿಕಾರ, ಆಮೇಲೆ ಮರಾಠರು, ಆಮೇಲೆ ಸೋದೆ. ಹೊನ್ನಾವರದ ಕೋಟೆ 1568ರ ನಂತರ ಪೋರ್ಚುಗೀಸರ ಕೈಯಲ್ಲಿತ್ತು. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ ಮೇಲೆ ಎಲ್ಲವೂ ಶ್ರೀರಂಗಪಟ್ಟಣಕ್ಕೆ ಸೇರಿತು.

1799ರ ನಂತರದ ಲೆಕ್ಕದಲ್ಲೂ ಒಂದು ಮಡಿಕೆ ಇದೆ, ಹೆಚ್ಚಿನವರು ಎಡವುವುದು ಅಲ್ಲೇ. ಟಿಪ್ಪು ಸತ್ತ ಮೇಲೆ ಕೆನರಾ, ಅಂದರೆ ಆಗ ಒಂದೇ ಆಗಿದ್ದ ಉತ್ತರ–ದಕ್ಷಿಣ ಕನ್ನಡ, ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತು, ಮೊದಲ ಕಲೆಕ್ಟರ್ ಥಾಮಸ್ ಮನ್ರೋ. 1862ರಲ್ಲಿ ಉತ್ತರ ಭಾಗ ಮುಂಬೈ ಪ್ರೆಸಿಡೆನ್ಸಿಗೆ ಹೋಯಿತು, ಕುಂದಾಪುರ ಮಾತ್ರ ಮದ್ರಾಸಿನಲ್ಲೇ ಉಳಿಯಿತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ. ಹಾಗಾಗಿ 1831ರ ಶಿರಸಿಯ ಕಾಗದಕ್ಕೆ ಚೆನ್ನೈ, 1871ರ ಶಿರಸಿಯ ಕಾಗದಕ್ಕೆ ಮುಂಬೈ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಈ ಎರಡನ್ನೂ ಹುಡುಕಿ ‘ಏನೂ ಇಲ್ಲ’ ಎಂದು ತೀರ್ಮಾನಿಸುವವರು ಬಹಳ.

ಹಂತ 2: ಹೆಸರು ಕೆಡಿಸಿಕೊಳ್ಳಿ

ಕ್ಯಾಟಲಾಗ್ ಹುಡುಕುವಾಗ ಇಂದಿನ ಕಾಗುಣಿತ ಉಪಯೋಗಕ್ಕೆ ಬರುವುದಿಲ್ಲ. ಪೋರ್ಚುಗೀಸ್ ಗುಮಾಸ್ತ ಹೊನ್ನಾವರವನ್ನು ‘ಓನೋರ್’ ಎಂದ, ಇಂಗ್ಲಿಷಿನವ ಅದರ ಕೊನೆಗೆ ‘ಇ’ ಸೇರಿಸಿದ. ಭಟ್ಕಳ ‘ಬಟಿಕಲಾ’, ಗೇರುಸೊಪ್ಪೆ ‘ಗರ್ಸೋಪ’, ಸೋಂದಾ ‘ಸುಂದಾ’, ಅದೇ ಇಂಗ್ಲಿಷಿನಲ್ಲಿ ಎರಡು ‘ಓ’ ಹಾಕಿದ ‘ಸೂಂಡಾ’. ಕಾರವಾರ ‘ಕೆ’ ಬದಲು ‘ಸಿ’ ಅಕ್ಷರದಿಂದ ಶುರುವಾಗುತ್ತದೆ. ಕುಮಟಾಕ್ಕೆ ಸಿ, ಓ, ಓ, ಎಂ, ಪಿ, ಟಿ, ಎ ಎಂದು ಹಾಕಿ ನೋಡಿ. ಸದಾಶಿವಗಡ ಪೋರ್ಚುಗೀಸ್ ಕಾಗದದಲ್ಲಿ ‘ಪಿರೋ’. ‘ಕೆನರಾದ ಅರಸ’ ಎಂದಿದ್ದರೆ ಬಹುತೇಕ ಇಕ್ಕೇರಿಯ ನಾಯಕ.

ಎರಡು ಬಲೆಗಳಿವೆ. ಡಚ್ ದಾಖಲೆಯಲ್ಲಿ ‘ಸುಂದಾ’ ಎಂದು ಹುಡುಕಿದರೆ ಜಾವಾ ದ್ವೀಪದ ಸುಂಡಾ ನೂರಾರು ಬಾರಿ ಬರುತ್ತದೆ. ಜೊತೆಗೆ ‘ಕಾರವಾರ’, ‘ಮಿರ್ಜಾನ್’, ‘ವೆಂಗುರ್ಲಾ’ ಇವುಗಳಲ್ಲಿ ಒಂದನ್ನು ಸೇರಿಸಿ ಹುಡುಕಬೇಕು. ‘ಓನೋರ್’ ಎಂದು ಹಾಕಿದರೆ ಯಂತ್ರ ಓದಿದ ಪಠ್ಯದಲ್ಲಿ ‘ಗೌರವ’ ಎಂಬರ್ಥದ ಯುರೋಪಿನ ಮಾತೆಲ್ಲ ಎದ್ದು ಬರುತ್ತದೆ. ಪ್ರತಿ ಊರಿಗೂ ಸಿಕ್ಕ ರೂಪಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಇಟ್ಟುಕೊಳ್ಳಿ, ಪಕ್ಕದಲ್ಲಿ ಯಾವ ವರ್ಷದ, ಯಾವ ಭಾಷೆಯ ಕಾಗದದಲ್ಲಿ ಕಂಡಿತು ಎಂದೂ ಬರೆಯಿರಿ. ಆರು ತಿಂಗಳಲ್ಲಿ ಆ ಪಟ್ಟಿಯೇ ನಿಮ್ಮ ದೊಡ್ಡ ಆಸ್ತಿ.

ಹಂತ 3: ಅಚ್ಚಾದದ್ದನ್ನು ಮನೆಯಲ್ಲೇ ಮುಗಿಸಿ

ಪ್ರವಾಸಕ್ಕೆ ಮೊದಲು ಮುದ್ರಿತ ಸಂಪುಟಗಳನ್ನು ನೋಡಬೇಕು, ಹಳೆಯವು ಬಹುತೇಕ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. 1883ರ ಬಾಂಬೆ ಗೆಜೆಟಿಯರ್‌ನ 15ನೇ ಸಂಪುಟ ಎರಡು ಭಾಗಗಳಲ್ಲಿ ಪೂರ್ತಿ ಕೆನರಾ ಜಿಲ್ಲೆಗೇ ಮೀಸಲು. ಅದರ ಅಡಿಟಿಪ್ಪಣಿಗಳನ್ನು ಓದಿ, ಮೇಲಿನ ಕಥೆಯನ್ನಲ್ಲ. ಯಾವ ಅಧಿಕಾರಿಯ ಯಾವ ತಾರೀಖಿನ ವರದಿಯಿಂದ ಮಾತು ಬಂದಿದೆ ಎಂಬುದು ಅಲ್ಲಿ ಸಿಗುತ್ತದೆ, ಅದೇ ಮೂಲಕ್ಕೆ ದಾರಿ. ಇಂಗ್ಲಿಷ್ ಕೋಠಿಗಳ ಪತ್ರಗಳಿಗೆ ವಿಲಿಯಂ ಫಾಸ್ಟರ್ ಸಂಪಾದಿಸಿದ, 1618ರಿಂದ 1669ರವರೆಗಿನ 13 ಸಂಪುಟಗಳಿವೆ. 1670ರಿಂದ 1684ರವರೆಗೆ ಚಾರ್ಲ್ಸ್ ಫಾಸೆಟ್‌ರ ನಾಲ್ಕು. ಪೋರ್ಚುಗೀಸರು ಪೂರ್ವದ ಅರಸರೊಂದಿಗೆ ಮಾಡಿಕೊಂಡ ಒಪ್ಪಂದಗಳಿಗೆ ಬಿಕರ್ ಸಂಪಾದಿಸಿ 1880ರ ದಶಕದಲ್ಲಿ ಲಿಸ್ಬನ್‌ನಲ್ಲಿ ಅಚ್ಚಾದ 14 ಸಂಪುಟ. ಕೆಳದಿ, ಸೋದೆ ಎರಡರ ಕರಾರುಗಳಿಗೂ ಮೊದಲು ತೆರೆಯಬೇಕಾದ್ದು ಅದೇ.

ಫಾಸ್ಟರ್ ಕೊಡುವುದು ಹೆಚ್ಚಾಗಿ ಸಾರಾಂಶ. ಮೆಣಸಿನ ದರ, ದುಭಾಷಿಯ ಹೆಸರು, ಸ್ಥಳೀಯ ಅಧಿಕಾರಿಯ ಬೈಗುಳ ಇಂಥವು ಸಾರಾಂಶದಲ್ಲಿ ಉದುರಿಹೋಗುತ್ತವೆ. ನಿಮಗೆ ಬೇಕಾದ್ದು ಅದೇ ಆಗಿದ್ದರೆ ಅಲ್ಲಿ ಕೊಟ್ಟ ಮೂಲ ಸಂಖ್ಯೆ ಬರೆದುಕೊಂಡು ಮುಂದೆ ಹೋಗಬೇಕು.

ಹಂತ 4: ಪಣಜಿ

ಕಾರವಾರದಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಈ ಜಿಲ್ಲೆಯ ರಾಜತಾಂತ್ರಿಕ ಇತಿಹಾಸದ ಅತಿ ಶ್ರೀಮಂತ ಭಂಡಾರ ಇದೆ, ಆದರೂ ಕನ್ನಡದವರು ಹೋಗುವುದು ಕಡಿಮೆ. ಗೋವಾದ ಪತ್ರಾಗಾರ 1595ರಲ್ಲಿ ಶುರುವಾದದ್ದು, ಅದರ ಮೊದಲ ಮೇಲ್ವಿಚಾರಕ ದಿಯೋಗೊ ದೊ ಕೌಟೊ. ಪೋರ್ಚುಗೀಸ್ ಓದಲು ಬರದಿದ್ದರೆ ಆರು ತಿಂಗಳು ಅದಕ್ಕೆ ಕೊಡಿ. ಕೊಂಕಣಿ ಬಲ್ಲವರಿಗೆ ನಿತ್ಯದ ಶಬ್ದ ಕೆಲವು ಪರಿಚಯವಿರುತ್ತವೆ, ಅದೂ ಸ್ವಲ್ಪ ಸಹಾಯವೇ.

ಕೇಳಬೇಕಾದ ಸರಣಿಗಳು ಮೂರು.

‘ಮಾನ್ಸೂನ್ ಪುಸ್ತಕ’ಗಳು ಲಿಸ್ಬನ್ ಮತ್ತು ಗೋವಾ ನಡುವಿನ ಪತ್ರಗಳು. ಇವು ಕಟ್ಟಿದ ರೀತಿ ಗೊತ್ತಿದ್ದರೆ ಮಾತ್ರ ಹುಡುಕಬಹುದು. ಹಡಗು ಸಾಮಾನ್ಯವಾಗಿ ಮಳೆಗಾಲ ಮುಗಿಯುವ ಹೊತ್ತಿಗೆ ರಾಜನ ಪತ್ರ ಹೊತ್ತು ಬರುತ್ತಿತ್ತು, ಡಿಸೆಂಬರ್–ಜನವರಿಯಲ್ಲಿ ವೈಸ್‌ರಾಯನ ಉತ್ತರ ಹೊತ್ತು ಹೊರಡುತ್ತಿತ್ತು. ಪ್ರಶ್ನೆ, ಉತ್ತರ ಒಟ್ಟಿಗೆ ಹೊಲಿದಿರುತ್ತಾರೆ. ಜೂನ್ ತಿಂಗಳಲ್ಲಿ ಹೊನ್ನಾವರದಲ್ಲಿ ಗಲಾಟೆಯಾದರೆ ಅದರ ಸುದ್ದಿ ಸಿಗುವುದು ಆ ಜೂನ್‌ನಲ್ಲಿ ಅಲ್ಲ, ಮುಂದಿನ ಜನವರಿಯ ಪತ್ರದಲ್ಲಿ. ಅದಕ್ಕೆ ರಾಜನ ಪ್ರತಿಕ್ರಿಯೆ ಬೇಕಾದರೆ ಮತ್ತೂ ಒಂದೆರಡು ವರ್ಷ ಮುಂದಿನ ಸಂಪುಟ ತೆರೆಯಬೇಕು. 18ನೇ ಶತಮಾನದಲ್ಲಿ ಈ ಸರಣಿಯ 62 ಸಂಪುಟಗಳನ್ನು ಲಿಸ್ಬನ್‌ಗೆ ಸಾಗಿಸಿದರು, ಅವು ಈಗ ಅಲ್ಲಿನ ಟೊರ್ರೆ ದೊ ಟೊಂಬೊ ಪತ್ರಾಗಾರದಲ್ಲಿವೆ. 17ನೇ ಶತಮಾನದ ಮೊದಲರ್ಧಕ್ಕೆ ಪಣಜಿಯಲ್ಲಿ ಖಾಲಿ ಕಂಡರೆ ಕಾರಣ ಇದು.

ಎರಡನೆಯದು ‘ನೆರೆಯ ಅರಸರು’ ಎಂಬ ಹೆಸರಿನ ಸರಣಿ. ಸೋದೆ, ಇಕ್ಕೇರಿ, ಮರಾಠರು, ಮೈಸೂರು ಇವರಿಗೆ ಗೋವಾದಿಂದ ಹೋದ ಪತ್ರಗಳ ನಕಲು. ಇಲ್ಲಿ ಗಮನಿಸಬೇಕಾದವನು ‘ರಾಜ್ಯದ ದುಭಾಷಿ’. ಹೆಚ್ಚಿನವರು ಸಾರಸ್ವತ ಬ್ರಾಹ್ಮಣರು, ಅರಸರ ಪತ್ರವನ್ನು ಪೋರ್ಚುಗೀಸಿಗೆ ತಿರುಗಿಸಿದವರು ಅವರೇ. ಹಾಗಾಗಿ ಸೋದೆ ಅರಸ ವೈಸ್‌ರಾಯನಿಗೆ ‘ವಿಧೇಯ’ ಎಂದು ಬರೆದ ಎಂದು ಪೋರ್ಚುಗೀಸ್ ಅನುವಾದದಲ್ಲಿ ಕಂಡ ಕೂಡಲೇ ಅಧೀನತೆಯ ತೀರ್ಮಾನಕ್ಕೆ ಹಾರಬೇಡಿ. ಅದು ದುಭಾಷಿಯ ಶಿಷ್ಟಾಚಾರ ಇರಬಹುದು.

ಮೂರನೆಯದು ‘ಶಾಂತಿ ಒಪ್ಪಂದ’ಗಳ ಪುಸ್ತಕ. ಇದರ ಜೊತೆಗೆ ರಾಜ್ಯ ಮಂಡಳಿಯ (ವೈಸ್‌ರಾಯನ ಸಲಹಾ ಸಭೆಯ) ನಿರ್ಣಯಗಳನ್ನೂ ಓದಬೇಕು. 1931ರಿಂದ 1961ರವರೆಗೆ ಆ ಪತ್ರಾಗಾರ ನಡೆಸಿದ ಪಿಸ್ಸುರ್ಲೆಂಕರ್ ಅವನ್ನು ಐದು ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದಾರೆ. ಒಪ್ಪಂದದಲ್ಲಿ ಕೊನೆಗೆ ಒಪ್ಪಿಕೊಂಡದ್ದು ಮಾತ್ರ ಇರುತ್ತದೆ, ಮಂಡಳಿಯಲ್ಲಿ ಯಾರು ಬೇಡವೆಂದರು, ಎಷ್ಟು ಮುಡಿ ಅಕ್ಕಿಗೆ ಚೌಕಾಸಿ ನಡೆಯಿತು ಎಂಬುದು ನಿರ್ಣಯದಲ್ಲಿ ಇರುತ್ತದೆ. ಕರಾವಳಿಯ ಅಕ್ಕಿ ಇಲ್ಲದೆ ಗೋವಾ ಉಣ್ಣುತ್ತಿರಲಿಲ್ಲ. ಈ ಒಂದು ಮಾತು ನೆನಪಿದ್ದರೆ 1631, 1714ರ ಕೆಳದಿ ಒಪ್ಪಂದಗಳ ಅರ್ಧ ಕಲಮುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಸೋದೆಯ ಕಥೆಗಂತೂ ಪಣಜಿ ಅನಿವಾರ್ಯ. ಹೈದರನ ದಂಡು ಬಂದಾಗ, 1763–64ರಲ್ಲಿ, ಸವಾಯಿ ಇಮ್ಮಡಿ ಸದಾಶಿವ ಅರಸ ಗೋವಾಕ್ಕೆ ಓಡಿಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಫೋಂಡಾ, ಕಾಣಕೋಣ ಮುಂತಾದ ಸೀಮೆ ಅವರ ವಶವಾದದ್ದು ಆಗ, ಕಾಗದದ ಮೇಲೆ ಅದು ಗಟ್ಟಿಯಾದದ್ದು 1791ರ ಒಪ್ಪಂದದಲ್ಲಿ. ಆ ನಡುವಿನ ಸುಮಾರು ಮೂರು ದಶಕ ಸೋದೆ ಮನೆತನದ ಪಿಂಚಣಿ, ದೂರು, ಹಕ್ಕುಪತ್ರ ಎಲ್ಲ ಪೋರ್ಚುಗೀಸ್ ಕಾಗದದಲ್ಲಿ ಹುಡುಕಬೇಕು. ಶಿರಸಿಯಿಂದ ಇಪ್ಪತ್ತು ಕಿಲೋಮೀಟರ್ ದೂರದ ಸೋಂದಾದ ಕೊನೆಯ ಅಧ್ಯಾಯ ಗೋವಾದಲ್ಲಿ ಬರೆಯಲ್ಪಟ್ಟಿದೆ.

ಹಂತ 5: ಚೆನ್ನೈ, ಮುಂಬೈ ಮತ್ತು ಲಂಡನ್

ಕಂಪನಿ ಸರಕಾರದ ದಾಖಲೆ ಕಡತವಾಗಿ ಇರುವುದಿಲ್ಲ, ನಡಾವಳಿಯಾಗಿ ಇರುತ್ತದೆ. ಹೊನ್ನಾವರದಿಂದ ಕಲೆಕ್ಟರ್ ಪತ್ರ ಬರೆದ. ಅದು ಮದ್ರಾಸ್ ಮುಟ್ಟಿ, ರೆವಿನ್ಯೂ ಬೋರ್ಡಿನ ಮುಂದೆ ಓದಿ, ನಡಾವಳಿಗೆ ಸೇರಿತು. ಸಂಪುಟದ ಬೆನ್ನ ಮೇಲಿರುವುದು ಬೋರ್ಡ್ ಓದಿದ ತಾರೀಖು, ಕಲೆಕ್ಟರ್ ಬರೆದ ತಾರೀಖಲ್ಲ. ಪತ್ರದ ತಾರೀಖು ಹಿಡಿದು ಸಂಪುಟ ತರಿಸಿಕೊಂಡು ಇಲ್ಲವೆಂದು ಹಿಂದಿರುಗಿಸುವುದು ಚೆನ್ನೈನ ಎಗ್ಮೋರ್ ಓದುಕೋಣೆಯಲ್ಲಿ ಹೊಸಬರು ಮಾಡುವ ಮೊದಲ ತಪ್ಪು. ಪತ್ರದ ತಾರೀಖಿನಿಂದ ಎರಡು ತಿಂಗಳವರೆಗಿನ ಸಂಪುಟ ನೋಡಬೇಕು.

ಅನುಕ್ರಮ ಹೀಗೆ: ಮೊದಲು ಇಲಾಖೆ ಯಾವುದೆಂದು ತೀರ್ಮಾನಿಸಿ (ಕಂದಾಯವೋ, ನ್ಯಾಯವೋ, ಮಿಲಿಟರಿಯೋ), ಆ ವರ್ಷದ ಸೂಚಿ ಸಂಪುಟದಲ್ಲಿ ‘ಕೆನರಾ’ ಅಡಿಯಲ್ಲಿ ನೋಡಿ, ನಡಾವಳಿಯ ತಾರೀಖು ಮತ್ತು ಕ್ರಮಸಂಖ್ಯೆ ಎರಡನ್ನೂ ಚೀಟಿಯಲ್ಲಿ ಬರೆದು ಕೊಡಿ. ಒಂದು ಗಲಭೆ ಒಂದೇ ಇಲಾಖೆಯಲ್ಲಿ ಮುಗಿಯುವುದಿಲ್ಲ. 1830–31ರಲ್ಲಿ ಕೆನರಾದ ರೈತರು ಕೂಟ ಕಟ್ಟಿ ಕಂದಾಯ ನಿಲ್ಲಿಸಿದಾಗ ವಸೂಲಿಯ ಮಾತು ರೆವಿನ್ಯೂ ಬೋರ್ಡಿಗೆ, ಕೈದು ಮಾಡಿದ ಮಾತು ನ್ಯಾಯ ಇಲಾಖೆಗೆ ಹೋಯಿತು. ಸುಸ್ತಾದರೆ ಲಂಡನ್ ದಾರಿ ಹಿಡಿಯಿರಿ: ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ‘ಬೋರ್ಡ್ಸ್ ಕಲೆಕ್ಷನ್ಸ್’ ಎಂಬ ಸರಣಿ ಇದೆ, ಎಫ್/4, ಸುಮಾರು 1796ರಿಂದ 1858ರವರೆಗೆ. ಲಂಡನ್ನಿಗೆ ವಿವರಣೆ ಕೊಡಬೇಕಾದ ಪ್ರತಿ ವಿಷಯಕ್ಕೆ ಇಲ್ಲಿನ ಗುಮಾಸ್ತರು ಬೇರೆ ಬೇರೆ ಇಲಾಖೆಯ ಪತ್ರಗಳನ್ನು ಒಟ್ಟಿಗೆ ನಕಲು ಮಾಡಿ ಕಳಿಸುತ್ತಿದ್ದರು. ನಿಮ್ಮ ಕೆಲಸವನ್ನು ಅವರು ಎರಡು ಶತಮಾನ ಮೊದಲೇ ಮಾಡಿಟ್ಟಿದ್ದಾರೆ. ಮನ್ರೋ ಖಾಸಗಿ ಕಾಗದಗಳೂ ಅದೇ ಕಟ್ಟಡದಲ್ಲಿ ಎಫ್ 151 ಎಂಬ ಸಂಗ್ರಹದಲ್ಲಿವೆ. 17ನೇ ಶತಮಾನದ ಕೋಠಿ ಪತ್ರಗಳಿಗೆ ಇ/3 ಮತ್ತು ಜಿ ಸರಣಿ.

ಮುಂಬೈಯ ಮಹಾರಾಷ್ಟ್ರ ಪತ್ರಾಗಾರ ಫೋರ್ಟ್ ಭಾಗದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿದೆ. 1862ಕ್ಕಿಂತ ಹಿಂದಿನ ಕೆನರಾಕ್ಕೂ ಇದು ಬೇಕು. ಏಕೆಂದರೆ ಮೈಸೂರು ಯುದ್ಧಗಳಲ್ಲಿ ಈ ತೀರಕ್ಕೆ ದಂಡು ಬಂದದ್ದು ಮುಂಬೈಯಿಂದ. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಹೊನ್ನಾವರ ಹಿಡಿದದ್ದು, ಕ್ಯಾಪ್ಟನ್ ಟೊರಿಯಾನೊ ಮುತ್ತಿಗೆಯಲ್ಲಿ ಕೋಟೆ ಕಾದದ್ದು, 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದ ಹಿಂದುಮುಂದಿನದು ಇವಕ್ಕೆಲ್ಲ ರಹಸ್ಯ ಮತ್ತು ರಾಜಕೀಯ ಇಲಾಖೆಯ ದಿನಚರಿಗಳು. 1755ರಿಂದ 1820ರವರೆಗಿನ ಈ ಸರಣಿಗೆ ವಿ. ಜಿ. ದಿಘೆ ಮಾಡಿದ ವಿವರಣಾತ್ಮಕ ಪಟ್ಟಿ ಅಚ್ಚಾಗಿದೆ, ಅದನ್ನು ಊರಲ್ಲೇ ಓದಿ ಸಂಖ್ಯೆ ಗುರುತಿಸಿಕೊಂಡು ಹೋದರೆ ಮುಂಬೈಯ ಎರಡು ವಾರ ನಾಲ್ಕು ದಿನಕ್ಕೆ ಇಳಿಯುತ್ತದೆ. ಜಿಲ್ಲೆಯ ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆಯ ಪೊಲೀಸ್ ವರದಿಗಳಿಗೆ ಇದೇ ಕಟ್ಟಡದ ‘ಗೃಹ (ವಿಶೇಷ)’ ಇಲಾಖೆಯ ಕಡತ ಕೇಳಬೇಕು. ಎಲ್ಲ ಕಡೆ ಗುರುತಿನ ಚೀಟಿ, ವಿಶ್ವವಿದ್ಯಾಲಯ ಅಥವಾ ಸಂಸ್ಥೆಯ ಪತ್ರ, ವಿಷಯ ಮತ್ತು ಕಾಲಾವಧಿ ಸ್ಪಷ್ಟವಾಗಿ ಬರೆದ ಅರ್ಜಿ ಇರಲಿ. ‘ಉತ್ತರ ಕನ್ನಡದ ಇತಿಹಾಸ’ ಎಂದು ಬರೆದರೆ ಸಿಬ್ಬಂದಿ ಏನು ತರಬೇಕು ಪಾಪ? ‘ಕಾರವಾರ ಬಂದರು ಮತ್ತು ಹತ್ತಿ ಸಾಗಣೆ, 1860–1875’ ಎಂದು ಬರೆಯಿರಿ.

ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗುವ ಮೊದಲು ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಹುಡುಕಿ. ವಿದೇಶಾಂಗ ಇಲಾಖೆಯ ಬಹಳಷ್ಟು ಕಾಗದ ಅಲ್ಲೇ ಕಾಣುತ್ತದೆ. ಡಚ್ ಕಂಪನಿಯ ದಾಖಲೆ ಹೇಗ್ ನಗರದಲ್ಲಿ 1.04.02 ಎಂಬ ಸಂಖ್ಯೆಯಡಿ ಇದೆ. ‘ಗ್ಲೋಬಲೈಸ್’ ಯೋಜನೆಯವರು ಯಂತ್ರದಿಂದ ಓದಿಸಿ ಪಠ್ಯವನ್ನು ಹುಡುಕುವಂತೆ ಮಾಡಿದ್ದಾರೆ. ಮರಾಠರ ಕಾಗದಕ್ಕೆ ಪುಣೆಯ ಪೇಶ್ವೆ ದಫ್ತರ, ಆದರೆ ಮೋಡಿ ಲಿಪಿ ಕಲಿಯದೆ ಅಲ್ಲಿಗೆ ಹೋಗುವುದು ವ್ಯರ್ಥ.

ಹಂತ 6: ತಾರೀಖು ಸರಿ ಮಾಡಿ

ಒಂದೇ ಘಟನೆ ಮೂರು ಭಾಷೆಯಲ್ಲಿ ಸಿಕ್ಕಿತು ಎಂದು ಹಿಗ್ಗುವ ಮೊದಲು ತಾರೀಖು ಹೊಂದಿಸಬೇಕು. ಪೋರ್ಚುಗೀಸರು 1582ರಲ್ಲೇ ಹೊಸ (ಗ್ರೆಗೋರಿಯನ್) ಪಂಚಾಂಗಕ್ಕೆ ಬಂದರು, ಇಂಗ್ಲಿಷರು 1752ರವರೆಗೆ ಹಳೆಯದನ್ನೇ ಹಿಡಿದುಕೊಂಡಿದ್ದರು. 17ನೇ ಶತಮಾನದಲ್ಲಿ ವ್ಯತ್ಯಾಸ 10 ದಿನ, 18ರಲ್ಲಿ 11. ಸಾಲದ್ದಕ್ಕೆ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ. ಶಿವಾಜಿ ಬಸರೂರಿನಿಂದ ಗೋಕರ್ಣ, ಅಂಕೋಲಾ ದಾಟಿ ಕಾರವಾರಕ್ಕೆ ಬಂದದ್ದು 1665ರ ಫೆಬ್ರವರಿ. ಊರು ಕೊಟ್ಟ ಕಪ್ಪದಲ್ಲಿ ಕೋಠಿಯವರು ತಮ್ಮ ಪಾಲೆಂದು 112 ಪೌಂಡ್ ಕೊಟ್ಟು ಪಾರಾದರು. ಹಳೆಯ ಇಂಗ್ಲಿಷ್ ಲೆಕ್ಕದಲ್ಲಿ ಆ ಫೆಬ್ರವರಿ ಇನ್ನೂ 1664! ಇದನ್ನು ನೋಡದೆ ಎರಡು ದಾಳಿ ಎಂದು ಬರೆಯುವ ಅಪಾಯ ಇದೆ. ಟಿಪ್ಪಣಿಯಲ್ಲಿ ಮೂಲದ ತಾರೀಖನ್ನು ಇದ್ದ ಹಾಗೇ ಬರೆದು, ಸರಿಪಡಿಸಿದ್ದನ್ನು ಚೌಕ ಕಂಸದಲ್ಲಿ ಇಡಿ.

ಕಂದಾಯ ಕಾಗದದಲ್ಲಿ ಫಸಲಿ ವರ್ಷ. ಮದ್ರಾಸ್ ಲೆಕ್ಕಕ್ಕೆ 590 ಕೂಡಿಸಿದರೆ ಆ ಫಸಲಿ ಶುರುವಾದ ಇಸವಿ: ಫಸಲಿ 1240 ಎಂದರೆ 1830–31. ಉತ್ತರ ಭಾರತದ ಫಸಲಿಗೆ ಈ ಲೆಕ್ಕ ಹೊಂದುವುದಿಲ್ಲ. ಶಕಕ್ಕೆ 78. ಟಿಪ್ಪುವಿನ ಕಾಲದ ಕಾಗದದಲ್ಲಿ ‘ಮೌಲೂದಿ’ ಎಂದಿದ್ದರೆ ಹಿಜರಿ ಪಟ್ಟಿ ಇಟ್ಟು ಲೆಕ್ಕ ಹಾಕಬೇಡಿ, ಅದು ಆತ ಮಾಡಿಸಿದ ಬೇರೆಯೇ ಎಣಿಕೆ.

ಹಂತ 7: 1961ರ ಅಂಜದೀವ್ ತರಹದ ವಿಷಯಗಳು

ಇತ್ತೀಚಿನ ರಾಜತಾಂತ್ರಿಕತೆಗೂ ನಮ್ಮ ತೀರದಲ್ಲಿ ಸಾಮಗ್ರಿ ಇದೆ. ಕಾರವಾರದ ಕಣ್ಣೆದುರಿನ, ಆಗ ಪೋರ್ಚುಗೀಸರ ಕೈಯಲ್ಲಿದ್ದ ಅಂಜದೀವ್ ದ್ವೀಪದಿಂದ 1961ರ ನವೆಂಬರ್‌ನಲ್ಲಿ ಗುಂಡು ಹಾರಿತು, ಮೀನುಗಾರನೊಬ್ಬ ಸತ್ತ. ಡಿಸೆಂಬರ್‌ನಲ್ಲಿ ಐಎನ್‌ಎಸ್ ತ್ರಿಶೂಲ್‌ನ ನಾವಿಕರು ದ್ವೀಪಕ್ಕೆ ಇಳಿದರು. ಇದಕ್ಕೆ ದೆಹಲಿಯಲ್ಲಿ ವಿದೇಶಾಂಗ ಸಚಿವಾಲಯದ ಕಡತ, ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿ ಬ್ರಿಟಿಷ್ ವಿದೇಶಾಂಗ ಕಚೇರಿಯ ಎಫ್‌ಓ 371 ಸರಣಿ, ಅಮೆರಿಕ ಸರಕಾರ ತನ್ನ ವಿದೇಶಾಂಗ ದಾಖಲೆಯಾಗಿ ಮುದ್ರಿಸಿದ 1961–63ರ 19ನೇ ಸಂಪುಟ, ಡಿಸೆಂಬರ್ 18ರ ಭದ್ರತಾ ಮಂಡಳಿಯ ನಡಾವಳಿ. ಯಾರೂ ನೋಡದ ಒಂದು ಬಾಗಿಲು ಬ್ರೆಜಿಲ್: 1955ರಲ್ಲಿ ಭಾರತ–ಪೋರ್ಚುಗಲ್ ಸಂಬಂಧ ಮುರಿದ ಮೇಲೆ ಇಲ್ಲಿ ಪೋರ್ಚುಗಲ್‌ನ ಹಿತ ನೋಡಿಕೊಂಡದ್ದು ಬ್ರೆಜಿಲ್ ರಾಯಭಾರ ಕಚೇರಿ.

ಹಂತ 8: ಫೋಟೊ, ಹೆಸರು, ಮತ್ತು ಮನೆಯ ಕಡತ

ಪತ್ರಾಗಾರದಲ್ಲಿ ಫೋಟೊಗೆ ಅನುಮತಿ ಇದ್ದರೆ ಪ್ರತಿ ಸಂಪುಟದ ಮೊದಲ ಚಿತ್ರ ಅದರ ಬೆನ್ನಿನ ಚೀಟಿಯದೇ ಆಗಿರಲಿ. ಹಳೆಯ ಸಂಪುಟಗಳಲ್ಲಿ ಪುಟಸಂಖ್ಯೆ ಇಲ್ಲ, ಹಾಳೆಸಂಖ್ಯೆ ಇದೆ: ಒಂದು ಹಾಳೆಗೆ ಮುಂಭಾಗ, ಹಿಂಭಾಗ. 112 ಎಂದಷ್ಟೇ ಬರೆದರೆ ಮುಂದೆ ಹುಡುಕುವವನಿಗೆ ತೊಂದರೆ, ‘112 ಹಿಂ’ ಎಂದು ಬರೆಯಿರಿ. ಹಿಂಭಾಗದ ಶಾಯಿ ಮುಂದೆ ಒಸರಿದ್ದರೆ ಹಾಳೆಯ ಹಿಂದೆ ಕಪ್ಪು ಕಾಗದ ಇಟ್ಟು ತೆಗೆಯಲು ಕೇಳಿ. ಆ ದಿನದ ಚಿತ್ರಗಳಿಗೆ ಆ ರಾತ್ರಿಯೇ ಹೆಸರು ಕೊಡಿ: ಸಂಸ್ಥೆ, ಸರಣಿ, ಸಂಪುಟ, ಹಾಳೆ. ‘ಊರಿಗೆ ಹೋಗಿ ಮಾಡೋಣ’ ಎಂದ ಎರಡು ಸಾವಿರ ಚಿತ್ರಗಳಿಗೆ ಎಂದೂ ಹೆಸರು ಬರುವುದಿಲ್ಲ.

ಇಷ್ಟಾದ ಮೇಲೆ ಊರಿನ ಕಾಗದ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳಲ್ಲಿ, ಮಠಗಳಲ್ಲಿ ಕಡತಗಳಿವೆ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಮಡಿಸಿ, ಬಳಪದಲ್ಲಿ ಬರೆದದ್ದು. 1800ರಲ್ಲಿ ಮನ್ರೋ ಕೆನರಾದ ಭೂಮಿಯ ಹಕ್ಕಿನ ಬಗ್ಗೆ ಬರೆಯುವಾಗ ಆಧಾರ ಮಾಡಿಕೊಂಡದ್ದು ಶಾನುಭೋಗರ ಇಂಥ ಕಪ್ಪು ಪುಸ್ತಕಗಳನ್ನೇ. ಧೂಳು ಕಂಡು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರಹವೇ ಹೋಗುತ್ತದೆ, ಒಣ ಬಟ್ಟೆಯೂ ಬೇಡ, ಮೃದು ಬ್ರಷ್ ಸಾಕು. ಗಟ್ಟಿಯಾದ ಮಡಿಕೆ ಬಲವಂತವಾಗಿ ಬಿಡಿಸಬೇಡಿ, ಸೀಳುತ್ತದೆ. ಮಳೆಗಾಲದಲ್ಲಿ ಬಿಚ್ಚುವುದೇ ಬೇಡ, ಜನವರಿಯಿಂದ ಮಾರ್ಚ್ ಒಳ್ಳೆಯದು. ಫ್ಲಾಶ್ ಹಾಕದೆ, ಟಾರ್ಚಿನ ಬೆಳಕನ್ನು ಒಂದು ಪಕ್ಕದಿಂದ ಓರೆಯಾಗಿ ಬಿಟ್ಟು ಚಿತ್ರ ತೆಗೆಯಿರಿ, ಅಳಿಸಿಹೋದ ಬಳಪದ ಗೀರು ಆಗ ಏಳುತ್ತದೆ. ಲಿಪಿ ಕೂಡಿಸಿ ಬರೆದ ಹಳೆಯ ಕನ್ನಡ, ಹಲವೆಡೆ ಮೋಡಿಯಲ್ಲಿ. ಓದಿದ್ದನ್ನು ಟೈಪ್ ಮಾಡಿ ಒಂದು ಪ್ರತಿ ಮನೆಯವರಿಗೆ ಕೊಟ್ಟು, ಮೂಲ ಅವರ ಮನೆಯಲ್ಲೇ ಬಿಡಿ. ಅವರ ಹೆಸರು ಅಚ್ಚಿನಲ್ಲಿ ಹಾಕಬಹುದೇ ಎಂದು ಕೇಳಿಕೊಂಡೇ ಹಾಕಿ, ಜಮೀನಿನ ತಕರಾರು ಇನ್ನೂ ಕೋರ್ಟಿನಲ್ಲಿರುವ ಮನೆಗಳು ಕಡಿಮೆಯೇನಿಲ್ಲ.